ಅತ್ತಿಮರದಿಂದ ದಕ್ಷಿಣಕ್ಕೆ

ಹೊಸ ಸೂಪರ್ ಮಾರ್ಕೆಟ್ಟಿನವರಿಗೆ ಗೋಡೆಯನ್ನು ಗೋಡೆಯಾಗಿ ಬಿಡಲು ಏನು ಕಷ್ಟವಿತ್ತೋ ನನಗೆ ಗೊತ್ತಿಲ್ಲ. ದುಡ್ಡು ಕೊಡುವ ಕೌಂಟರುಗಳ ಮೇಲ್ಗಡೆ, ಆ ತುದಿಯಿಂದ ಈ ತುದಿಯವರೆಗೆ, ನಮ್ಮೂರು ಸಾನ್ ಗಾಸ್ಪರಿನ ಹಳೆಯ ಫೋಟೊ ಒಂದನ್ನು ದೊಡ್ಡದು ಮಾಡಿಸಿ ಅಂಟಿಸಿದ್ದರು. ಕೆಳಗೆ ‘ಸ್ಟೇಷನ್ ಬೀದಿ, ೧೯೫೬’ ಎಂದು ಬರೆದಿತ್ತು. ಅಂಗಡಿ ತೆರೆದ ದಿನ ಅರ್ಧ ಊರು ಅಲ್ಲಿತ್ತು. ಅಕ್ಕಿ, ಸಾಬೂನು ಹಿಡಿದು ಸಾಲಿನಲ್ಲಿ ನಿಂತವರೆಲ್ಲ ಕತ್ತೆತ್ತಿ ಗೋಡೆಯನ್ನೇ ನೋಡುತ್ತಿದ್ದರು.

“ಅಗೋ, ಎತ್ತಿನ ಗಾಡಿ ಪಕ್ಕ ನಿಂತಿರೋರು ನಮ್ಮ ತಾತ!”

“ಸುಮ್ನಿರೋ. ನಿಮ್ಮ ತಾತನಿಗೆ ಅಷ್ಟು ಕೂದಲು ಯಾವಾಗ ಇತ್ತು?”

“ಇದ್ದಾಗ ತೆಗೆದಿರೋ ಫೋಟೊನೇ ಕಣೋ ಇದು.”

ನಾನು ನನ್ನ ಊಟದಂಗಡಿಗೆ ಬೇಕಾದ ಕಪ್ಪು ಬೀನ್ಸ್ ಕಾಳಿನ ಚೀಲ ಸೊಂಟಕ್ಕೆ ಆನಿಸಿಕೊಂಡು ನಿಂತಿದ್ದೆ. ನನಗೂ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ. ಸ್ಟೇಷನ್ನಿನ ಗಡಿಯಾರ, ಔಷಧದಂಗಡಿಯ ಬೋರ್ಡು, ಬರಿಗಾಲಿನ ಮಕ್ಕಳು, ಮಧ್ಯ ಬೀದಿಯಲ್ಲಿ ಆರಾಮಾಗಿ ಮಲಗಿದ್ದ ಒಂದು ನಾಯಿ. ಆಗ ನನ್ನ ಮುಂದಿದ್ದ ದೋನ್ಯಾ ಕ್ಲೆಮೆನ್ಸಿಯಾ, ಔಷಧದಂಗಡಿಯನ್ನು ನಲವತ್ತು ವರ್ಷ ನಡೆಸಿದ ಮುದುಕಿ, ಎರಡೂ ಕೈ ಎದೆಗೆ ಇಟ್ಟುಕೊಂಡು ಕೂಗಿದಳು:

“ಅಯ್ಯೋ, ನಮ್ಮ ಅತ್ತಿಮರ ನೋಡ್ರೇ! ಎಷ್ಟು ಚೆನ್ನಾಗಿತ್ತು!”

ಎಲ್ಲರೂ ನೋಡಿದರು. ನಾನೂ ನೋಡಿದೆ. ಮರ ಇದ್ದದ್ದು ಸ್ಟೇಷನ್ನಿನ ಮೂಲೆಯಲ್ಲಿ, ಗಡಿಯಾರದ ಬುಡಕ್ಕೇ. ಅದರ ನೆರಳಿನಲ್ಲಿ ಮೂರು ಎತ್ತಿನ ಗಾಡಿಗಳು ನಿಂತಿದ್ದವು. ಒಬ್ಬೊಬ್ಬರಾಗಿ ಗೋಡೆಯಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದರು.

ನಮ್ಮಲ್ಲಿ ಮನೆಗೆ ನಂಬರು ಇಲ್ಲ, ಬೀದಿಗೆ ಹೆಸರಿದ್ದರೂ ಯಾರೂ ಹೇಳುವುದಿಲ್ಲ. ಇಂಥ ಕಡೆಯಿಂದ ಇಷ್ಟು ಮೀಟರ್ ಈ ದಿಕ್ಕಿಗೆ, ಅಷ್ಟೇ ವಿಳಾಸ. ‘ಇಂಥ ಕಡೆ’ ಇವತ್ತು ಇರಲೇಬೇಕು ಎಂದೂ ಇಲ್ಲ. ಸುಟ್ಟುಹೋದ ಸಿನಿಮಾ ಮಂದಿರದಿಂದ, ಸತ್ತುಹೋದ ಚಮ್ಮಾರನ ಮನೆಯಿಂದ ಲೆಕ್ಕ ಹಾಕಿಕೊಂಡೇ ನಾವು ಮದುವೆಗೂ ಹೋಗುತ್ತೇವೆ, ಸಾವಿಗೂ ಹೋಗುತ್ತೇವೆ. ನಮ್ಮ ಮನೆಯ ವಿಳಾಸ ನಾನು ಹುಟ್ಟಿದಾಗಿನಿಂದ ಒಂದೇ: ಹಳೇ ಅತ್ತಿಮರದಿಂದ ನೂರೈವತ್ತು ಮೀಟರ್ ದಕ್ಷಿಣಕ್ಕೆ. ರಸ್ತೆ ಅಗಲ ಮಾಡುವಾಗ ಮರ ಕಡಿದಿದ್ದರು. ಅದು ನಾನು ಹುಟ್ಟುವ ಎಷ್ಟೋ ವರ್ಷ ಮೊದಲಿನ ಮಾತು. ಅತ್ತಿಮರ ಎಂದರೆ ನಮಗೆ ‘ಅತ್ತಿಮರ’ ಎಂದು ಬೋರ್ಡು ಹಾಕಿದ್ದ ಬಾರು. ಮರ ಅಲ್ಲೇ ಇದ್ದಿರಬೇಕು, ಅದಕ್ಕೇ ಬಾರಿಗೆ ಆ ಹೆಸರು ಎಂದು ನಂಬಿಕೊಂಡಿದ್ದೆವು. ಬಾರು ಇರುವುದು ಸ್ಟೇಷನ್ನಿನಿಂದ ಎರಡು ಬೀದಿ ಪಶ್ಚಿಮಕ್ಕೆ.

ಆ ಎರಡು ಬೀದಿಯ ಅಂತರದಲ್ಲೇ ನನ್ನ ಅಪ್ಪ ಸತ್ತ.

ಅಪ್ಪನಿಗೆ ದಮ್ಮು. ಅಕ್ಟೋಬರಿನ ಒಂದು ಮಧ್ಯಾಹ್ನ ಮಳೆ ಹಂಚು ಕಿತ್ತುಹೋಗುವ ಹಾಗೆ ಹೊಡೆಯುತ್ತಿತ್ತು, ಅಪ್ಪನಿಗೆ ಉಸಿರು ಕಟ್ಟಿತು. ಅಮ್ಮ ಪಕ್ಕದ ಅಂಗಡಿಗೆ ಓಡಿ ದವಾಖಾನೆಗೆ ಫೋನ್ ಮಾಡಿ, “ಅತ್ತಿಮರದಿಂದ ನೂರೈವತ್ತು ದಕ್ಷಿಣಕ್ಕೆ, ಬೇಗ ಬನ್ನಿ” ಎಂದು ಹೇಳಿ, ಮತ್ತೆ ಓಡಿ ಬಂದು ಅಪ್ಪನ ಬೆನ್ನು ಹಿಡಿದು ಕೂತಳು. ಗಾಡಿಗೆ ಹೇಳಿಕಳಿಸಿದರೆ ಯಾರಾದರೂ ಮೂಲೆಯಲ್ಲಿ ನಿಂತು ಕೈ ಮಾಡುವುದು ನಮ್ಮ ಕಡೆಯ ರೂಢಿ. ಅವತ್ತು ನಿಲ್ಲಲು ಯಾರಿದ್ದರು? ಅಮ್ಮ ಕೈ ಬಿಡುವ ಹಾಗಿರಲಿಲ್ಲ, ನಾವು ಮೂವರೂ ಸಣ್ಣ ಮಕ್ಕಳು, ಅಮ್ಮನ ಹಿಂದೆಯೇ ಅಳುತ್ತಾ ನಿಂತಿದ್ದೆವು. ಆಂಬುಲೆನ್ಸು ಸ್ಟೇಷನ್ ಮೂಲೆಯಿಂದ ದಕ್ಷಿಣಕ್ಕೆ ಹೋಗಿ, ಅಲ್ಲಿನ ಬಾಗಿಲುಗಳನ್ನೆಲ್ಲ ತಟ್ಟಿ, ಕೊನೆಗೆ ನಮ್ಮ ಮನೆಗೆ ಬಂದಾಗ ಅಪ್ಪನ ತುಟಿ ನೀಲಿಯಾಗಿತ್ತು.

ಡ್ರೈವರು ಎಲಾದಿಯೊ. ಅಮ್ಮ ಅವನ ಅಂಗಿಯ ಕಾಲರು ಹಿಡಿದು, “ಊರಿಗೆಲ್ಲ ಗೊತ್ತಿರೋ ಅತ್ತಿಮರ ನಿನಗೊಬ್ಬನಿಗೆ ಗೊತ್ತಿಲ್ವಾ? ಕುಡಿದಿದ್ದೀಯಾ?” ಎಂದು ಕೇಳಿದಳು. ಅವನು ಏನೋ ಹೇಳಲು ಹೋದ, ಯಾರೂ ಕೇಳಲಿಲ್ಲ. ಕುಡಿದಿದ್ದ ಎಂಬ ಮಾತು ಸಂಜೆಯೊಳಗೆ ಊರೆಲ್ಲ ಸುತ್ತಿತು. ತಿಂಗಳೊಳಗೆ ಕೆಲಸ ಹೋಯಿತು. ಅಡ್ಡಹೆಸರು ಇಡುವುದರಲ್ಲಿ ನಮ್ಮೂರಿನವರನ್ನು ಮೀರಿಸುವವರಿಲ್ಲ: ಅವತ್ತಿನಿಂದ ಅವನು ‘ಅತ್ತಿಮರ’. ಅವನ ಹೆಂಡತಿ ಅತ್ತಿಮರದ ಹೆಂಡತಿ, ಮಗಳು ಲಿದಿಯೆತ್ ಶಾಲೆಯಲ್ಲಿ ಅತ್ತಿಕಾಯಿ. ಆಮೇಲೆ ಅವನು ಮನೆಯ ಮುಂದೆ ಕೂತು ಛತ್ರಿ ರಿಪೇರಿ ಮಾಡಿ ಬದುಕಿದ. ನಮ್ಮಲ್ಲಿ ವರ್ಷಕ್ಕೆ ಒಂಬತ್ತು ತಿಂಗಳು ಮಳೆ. ಆದರೂ ಅಮ್ಮ ಮುರಿದ ಛತ್ರಿಯನ್ನು ಕಸಕ್ಕೆ ಎಸೆದು ಹೊಸದು ತರುತ್ತಿದ್ದಳೇ ಹೊರತು ಆ ಬೀದಿಗೆ ಕಾಲಿಡಲಿಲ್ಲ. ಊರಿನ ಗಂಡಸರನ್ನೆಲ್ಲ ಮರ್ಯಾದೆಗೆ ದೋನ್ ಹಾಕಿ ಕರೆಯುವ ನಮ್ಮ ಮನೆಯಲ್ಲಿ ಅವನೊಬ್ಬನಿಗೆ ದೋನ್ ಇರಲಿಲ್ಲ.

ಈಗ ಆ ಗೋಡೆಯ ಮೇಲೆ ಮರ ನಿಂತಿತ್ತು, ಅವನು ಹೋಗಿದ್ದ ಮೂಲೆಯಲ್ಲಿ.

“ಹೌದು ಬಿಡಿ, ಮರ ಸ್ಟೇಷನ್ ಹತ್ರಾನೇ ಇತ್ತು,” ಎಂದ ಮಾಂಸದಂಗಡಿಯವನು, ಎಂದೂ ಅನುಮಾನವೇ ಇರಲಿಲ್ಲ ಎನ್ನುವ ದನಿಯಲ್ಲಿ. “ನಮ್ಮಪ್ಪ ಹೇಳ್ತಿದ್ದ.”

“ನಾನು ಅದರ ಕೆಳಗೇ ಆಡಿ ಬೆಳೆದವಳು,” ಎಂದಳು ದೋನ್ಯಾ ಕ್ಲೆಮೆನ್ಸಿಯಾ.

ನನ್ನ ಮೈ ಉರಿದುಹೋಯಿತು. ಕಾಳಿನ ಚೀಲವನ್ನು ಕೌಂಟರಿನ ಮೇಲೆ ಕುಕ್ಕಿದೆ.

“ಅದರ ಕೆಳಗೇ ಆಡಿದವರು ಅವತ್ತು ಬಾಯಿ ಯಾಕೆ ಬಿಡ್ಲಿಲ್ಲ, ದೋನ್ಯಾ? ಮೂವತ್ತು ವರ್ಷ ಆ ಮನುಷ್ಯನ್ನ ಅತ್ತಿಮರ, ಅತ್ತಿಮರ ಅಂತ ಕರೆದ್ರಲ್ಲ, ನೀವೂ ಕರೆದ್ರಿ, ನಾನೇ ಕೇಳಿದ್ದೀನಿ.”

ಮುದುಕಿ ನನ್ನ ಹತ್ತಿರ ಬಂದಳು. “ಏನಂತ ಹೇಳೋದಿತ್ತು ಮಗಳೇ? ನಿಮ್ಮಮ್ಮ ಮೂರು ಮಕ್ಕಳನ್ನ ಕಟ್ಕೊಂಡು ಹೆಣದ ಮುಂದೆ ಕೂತಿದ್ಲು. ಆಗ ಹೋಗಿ, ‘ನೀನೇ ವಿಳಾಸ ತಪ್ಪು ಹೇಳಿದೆ’ ಅನ್ಬೇಕಿತ್ತಾ? ನೀನಾಗಿದ್ರೆ ಅಂತಿದ್ಯಾ?”

ನಾನು ಕಾಳಿನ ದುಡ್ಡು ಕೊಟ್ಟು, ಚೀಲ ಎತ್ತಿಕೊಂಡು ಹೊರಗೆ ಬಂದೆ.

ಮನೆಗೆ ಹೋಗುವ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ವಿಚಾರ: ಅಮ್ಮ ಇದನ್ನು ನೋಡಬಾರದು. ಅಮ್ಮನಿಗೆ ಎಪ್ಪತ್ತೆಂಟು. ಅಪ್ಪನನ್ನು ಕೊಂದವನು ಇಂಥವನು ಎಂದು ಗೊತ್ತಿದ್ದದ್ದೇ ಅವಳನ್ನು ಇಷ್ಟು ದಿನ ನಿಲ್ಲಿಸಿತ್ತು. ಆ ಸಿಟ್ಟಿನಲ್ಲೇ ಅವಳು ಬಟ್ಟೆ ಒಗೆದಳು, ಟಮಾಲೆ ಕಡುಬು ಬೇಯಿಸಿ ಮಾರಿದಳು, ನಮ್ಮನ್ನು ಓದಿಸಿದಳು. ಅದನ್ನು ಕಿತ್ತುಕೊಂಡರೆ ಅವಳ ಕೈಯಲ್ಲಿ ಉಳಿಯುವುದು ಆ ಒಂದು ಫೋನು ಮಾತ್ರ, ತಾನೇ ಮಾಡಿದ ಫೋನು.

ಒಂದು ವಾರ ಅವಳನ್ನು ಆ ಕಡೆ ಬಿಡಲಿಲ್ಲ. ಸಾಮಾನೆಲ್ಲ ನಾನೇ ತಂದೆ. ಮಂಡಿ ನೋವು, ಮಳೆ, ಕಾಲು ಜಾರುತ್ತೆ, ಅಲ್ಲಿ ಸೀಮೆಬದನೆ ಚೆನ್ನಾಗಿರಲ್ಲ ಎಂದು ಬಾಯಿಗೆ ಬಂದ ನೆಪ ಹೇಳಿದೆ. ಅಮ್ಮ ಬೆಲ್ಲದ ನೀರು ಕಾಯಿಸುತ್ತಾ ಎಲ್ಲವನ್ನೂ ಕೇಳಿದಳು. ಎಂಟನೆಯ ದಿನ ಬೆಳಿಗ್ಗೆ ಚರ್ಚಿಗೆ ಹೋಗುವ ನೀಲಿ ಉಡುಪು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಎಲ್ಲಿಗಮ್ಮ?”

“ಸೀಮೆಬದನೆ ಎಷ್ಟು ಕೆಟ್ಟಿದೆ ನೋಡ್ಕೊಂಡು ಬರೋಣ ಅಂತ. ಯೊರ್ಲೆನಿ, ನಾನು ಮುದುಕಿಯಾಗಿದ್ದೀನಿ, ಕಿವುಡಿಯಾಗಿಲ್ಲ. ಬೀದಿಲಿ ನನ್ನ ಕಂಡ ಕೂಡ್ಲೆ ಎಲ್ಲರೂ ಮಾತು ನಿಲ್ಲಿಸ್ತಾರೆ. ನಡಿ.”

ಅಮ್ಮ ಆ ಗೋಡೆಯ ಮುಂದೆ ನಿಂತಳು. ಸಾಲಿನವರು ಏನೂ ಹೇಳದೆ ಅವಳಿಗೆ ಜಾಗ ಬಿಟ್ಟರು. ಅವಳು ಮೊದಲು ನಾಯಿಯನ್ನು ನೋಡಿದಳು, ಗಾಡಿಗಳನ್ನು ನೋಡಿದಳು, ಆಮೇಲೆ ಮರ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು.

“ಬಾರು ಎಲ್ಲಿದೆ ಇದರಲ್ಲಿ?”

“ಆಗ ಬಾರು ಇರ್ಲಿಲ್ಲಮ್ಮ. ಮರ ಕಡಿದು ಎಷ್ಟೋ ವರ್ಷ ಆದ್ಮೇಲೆ ಯಾರೋ ಬಾರು ತೆಗೆದು ಆ ಹೆಸರಿಟ್ರು. ನೀನು ಮದುವೆಯಾಗಿ ಈ ಊರಿಗೆ ಬಂದಾಗ ಮರ ಇರ್ಲೇ ಇಲ್ಲ. ನಿನಗೆ ಹೇಗೆ ಗೊತ್ತಾಗ್ಬೇಕು?”

“ನಿಮ್ಮಪ್ಪ ಇಲ್ಲೇ ಹುಟ್ಟಿದವರು,” ಎಂದಳು ಅಮ್ಮ. ದನಿ ಗಟ್ಟಿಯಾಗಿಯೇ ಇತ್ತು, ಆದರೆ ನನ್ನ ಕೈಯನ್ನು ಹಿಡಿದಿದ್ದ ಅವಳ ಬೆರಳುಗಳು ನನಗೆ ನೋವಾಗುವಷ್ಟು ಬಿಗಿಯಾಗಿದ್ದವು. “ಒಂದು ದಿನ ಆದ್ರೂ ಹೇಳ್ಬಾರ್ದಿತ್ತಾ ಆ ಮನುಷ್ಯ? ನಾನು ಎಲ್ಲರಿಗೂ ಅದೇ ವಿಳಾಸ ಹೇಳ್ತಿದ್ದೆ, ಪಕ್ಕದಲ್ಲೇ ನಿಂತು ಕೇಳ್ತಿದ್ರು.”

ಆ ಇಡೀ ಮಧ್ಯಾಹ್ನ ಅಮ್ಮ ಊಟ ಮಾಡಲಿಲ್ಲ, ಅಳಲೂ ಇಲ್ಲ. ಒಮ್ಮೆ ಅತ್ತುಬಿಡಬಾರದೇ ಎಂದು ನಾನೇ ಹಾರೈಸಿದೆ. ಮೂರು ಗಂಟೆಯ ಹೊತ್ತಿಗೆ ಹಿತ್ತಿಲಿನ ಕಡೆಯಿಂದ ಏನೋ ಲಟಕ್ ಎಂದಿತು. ಹೋಗಿ ನೋಡಿದರೆ, ಹೋದ ತಿಂಗಳಷ್ಟೇ ನಾನು ಕೊಡಿಸಿದ್ದ ಕಪ್ಪು ಛತ್ರಿಯ ಕಡ್ಡಿಯನ್ನು ಅಮ್ಮ ಹೊಸ್ತಿಲಿಗೆ ಒತ್ತಿ ಮುರಿಯುತ್ತಿದ್ದಳು.

“ಅಮ್ಮ! ಹೊಸ ಛತ್ರಿ!”

“ಮತ್ತೆ ಬರಿಗೈಲಿ ಹೋಗಿ ಬಾಗಿಲು ತಟ್ಲಾ?” ಎಂದಳು. ನನ್ನ ಮುಖ ನೋಡಲಿಲ್ಲ.

ಎಲಾದಿಯೊನ ಮನೆ ಸ್ಟೇಷನ್ ಹಿಂದೆ. ಮೋಡ ಕವಿದಿತ್ತು. ಬಾಗಿಲು ತೆರೆದವಳು ಲಿದಿಯೆತ್. ನನ್ನದೇ ವಯಸ್ಸು, ಒಂದೇ ತರಗತಿಯಲ್ಲಿ ಕೂತವರು, ಅಪ್ಪ ಸತ್ತ ಮೇಲೆ ಒಂದು ಮಾತೂ ಆಡಿದವರಲ್ಲ. ಅಮ್ಮನನ್ನು ಕಂಡು ಅವಳ ಮುಖ ಕಲ್ಲಾಯಿತು.

“ಏನಾಗ್ಬೇಕಿತ್ತು?”

“ಛತ್ರಿ,” ಎಂದಳು ಅಮ್ಮ.

“ಛತ್ರಿನಾ? ಮೂವತ್ತು ವರ್ಷದಲ್ಲಿ ನಿಮ್ಮನೆ ಛತ್ರಿ ಮುರಿದಿದ್ದು ಇವತ್ತೇನಾ? ಫೋಟೊ ನೋಡ್ಕೊಂಡು ಬಂದ್ರಿ ಅಂತ ನೇರ ಹೇಳಿ. ನಮ್ಮಮ್ಮನ ಹೆಣ ಎತ್ತೋಕೆ ಜನ ಸಾಲದೆ ಬೇರೆ ಊರಿಂದ ನೆಂಟರನ್ನ ಕರೆಸಿದ್ವಿ, ದೋನ್ಯಾ ಎರ್ಮಿನಿಯಾ. ಅವತ್ತು ಬರ್ಬೇಕಿತ್ತು ನೀವು.”

“ಬರ್ಬೇಕಿತ್ತು,” ಎಂದಳು ಅಮ್ಮ.

ಒಳಗಿನಿಂದ ದನಿ ಬಂತು. “ಯಾರಮ್ಮ ಅದು?”

ಅಮ್ಮ ಹೊಸ್ತಿಲಿನ ಈಚೆಯಿಂದಲೇ ಗಟ್ಟಿಯಾಗಿ ಹೇಳಿದಳು. “ನಾನು, ದೋನ್ ಎಲಾದಿಯೊ. ಬೆಲಿಸಾರಿಯೊ ಅವರ ಹೆಂಡತಿ.”

ಆ ‘ದೋನ್’ ಅವಳ ಬಾಯಿಂದ ಬಂದದ್ದನ್ನು ನಾನು ಮೊದಲ ಸಲ ಕೇಳಿದ್ದು. ಒಳಗೆ ಕುರ್ಚಿ ಎಳೆದ ಸದ್ದಾಯಿತು. ಲಿದಿಯೆತ್ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.

ಅವರು ಕಿಟಕಿಯ ಹತ್ತಿರ, ಛತ್ರಿಗಳ ರಾಶಿಯ ನಡುವೆ ನಿಂತಿದ್ದರು. ನಾನೂ ಇನ್ನು ‘ಅವನು’ ಎನ್ನಲಾರೆ. ಒಣಗಿದ ಎತ್ತರದ ಮುದುಕ, ಒಂದು ಕಾಲು ಎಳೆಯುತ್ತಿತ್ತು. ಅಮ್ಮನ ಕೈಯಿಂದ ಛತ್ರಿ ತೆಗೆದುಕೊಂಡು, ಬಿಚ್ಚಿ, ಮುರಿದ ಕಡ್ಡಿ ನೋಡಿದರು.

“ಗಾಳಿಗೆ ಮುರಿದಿದ್ದಲ್ಲ ಇದು.”

“ಅಲ್ಲ. ನಾನೇ ಮುರಿದೆ.”

ಅವರಿಗೆ ನಗು ಬಂದ ಹಾಗಿತ್ತು, ಆದರೆ ನಗಲಿಲ್ಲ. ಕೂತು ತಂತಿ ಬಿಚ್ಚಲು ಶುರು ಮಾಡಿದರು. ಲಿದಿಯೆತ್ ಕಾಫಿ ಕೊಡುತ್ತೇನೆ ಎನ್ನಲಿಲ್ಲ. ನಮ್ಮಲ್ಲಿ ಶತ್ರು ಬಂದರೂ ಕಾಫಿ ಸೋಸುತ್ತಾರೆ. ಹೊರಗೆ ಮಳೆ ಶುರುವಾಯಿತು.

“ನಾನು ಹೇಳಿದ ವಿಳಾಸ ತಪ್ಪು,” ಎಂದಳು ಅಮ್ಮ. “ನೀವು ಹೋಗಿದ್ದು ಸರಿಯಾದ ಜಾಗಕ್ಕೇ. ನಿಮ್ಮನ್ನ ಕುಡುಕ ಅಂದೆ. ನಿಮ್ಮ ಕೆಲಸ ಕಳೆದೆ. ಕ್ಷಮಿಸಿ ಅಂತ ಕೇಳೋಕೆ ಬಾಯಿ ಬರ್ತಿಲ್ಲ, ಅಷ್ಟು ದೊಡ್ಡದಾಗಿದೆ ಅದು. ಆದ್ರೂ ಕೇಳ್ತಿದ್ದೀನಿ.”

ಮುದುಕರ ಕೈ ನಿಂತಿತು. ನನಗೆ ಎದೆ ಹಗುರಾಯಿತು. ಇಷ್ಟೇ, ಈಗ ಅವರು ಆಗಲಿ ಬಿಡಮ್ಮ ಎನ್ನುತ್ತಾರೆ, ನಾವು ಮನೆಗೆ ಹೋಗುತ್ತೇವೆ, ಅಮ್ಮ ಅತ್ತು ಮಲಗುತ್ತಾಳೆ ಎಂದುಕೊಂಡೆ.

“ಹಾಗೆ ಕೇಳ್ಬೇಡಿ,” ಎಂದರು ಅವರು. “ಫೋಟೊ ಅಷ್ಟನ್ನೇ ಹೇಳುತ್ತೆ, ಪೂರ್ತಿ ಹೇಳಲ್ಲ. ಅವತ್ತು ನಾನು ಕುಡಿದಿರ್ಲಿಲ್ಲ, ಅದು ನಿಜ. ಆದ್ರೆ ಅತ್ತಿಮರ ಅಂದಾಗ ನನಗೆ ಬಾರು ನೆನಪಾಯ್ತು, ಅದೂ ನಿಜ. ಹೊಸದಾಗಿ ಬಂದವರೆಲ್ಲ ಬಾರನ್ನೇ ಅತ್ತಿಮರ ಅಂತಾರೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು.”

“ಅಪ್ಪ,” ಎಂದಳು ಲಿದಿಯೆತ್.

“ಇರಮ್ಮ. ಸ್ಟೇಷನ್ ಮೂಲೇಲಿ ಗಾಡಿ ನಿಧಾನ ಮಾಡಿದೆ. ಬಾರಿನ ಕಡೆ ಹೋಗ್ಲಾ ಅಂತ ಒಂದು ಗಳಿಗೆ ಅಂದ್ಕೊಂಡೆ. ನಮ್ಮಪ್ಪ ಆ ಮರದ ಕೆಳಗೆ ಎತ್ತಿನ ಗಾಡಿ ನಿಲ್ಲಿಸ್ಕೊಂಡು ಬದುಕಿದವನು. ಮರ ಕಡಿದ ದಿನ ಗಂಡಸು ಕೂತು ಅತ್ತಿದ್ದ. ಯಾವನೋ ಬಂದು ಹೆಂಡದಂಗಡಿಗೆ ಆ ಹೆಸರಿಟ್ಟ, ಊರೆಲ್ಲ ಅದನ್ನೇ ಅತ್ತಿಮರ ಅಂತು. ನನಗೆ ಹೊಟ್ಟೆ ಉರಿ. ಅತ್ತಿಮರ ಅಂದ್ರೆ ಅತ್ತಿಮರಾನೇ, ಇಲ್ಲಿ ಹುಟ್ಟಿದವನು ನಾನು ಅಂತ ಹಠ ಬಂತು. ಮೊದಲ ಬಾಗಿಲಲ್ಲೇ ಇಲ್ಲಿ ಯಾರಿಗೂ ಹುಷಾರು ತಪ್ಪಿಲ್ಲ ಅಂದ್ರು. ಆಗಲಾದ್ರೂ ತಿರುಗಿಸ್ಬೇಕಿತ್ತು. ಇನ್ನೊಂದು ಬಾಗಿಲು ತಟ್ಟಿದೆ. ಆಮೇಲೆ ಮತ್ತೊಂದು.”

ಲಿದಿಯೆತ್ ಗೋಡೆಗೆ ಒರಗಿದಳು. ಈ ಮಾತು ಅವಳೂ ಇವತ್ತೇ ಕೇಳುತ್ತಿದ್ದಾಳೆ ಎಂದು ಅವಳ ಮುಖವೇ ಹೇಳುತ್ತಿತ್ತು. ಶಾಲೆಯಲ್ಲಿ ಅತ್ತಿಕಾಯಿ ಅನ್ನಿಸಿಕೊಂಡು, ತಾಯಿಯ ಹೆಣಕ್ಕೆ ಜನ ಹುಡುಕಿ, ನಮ್ಮಪ್ಪನದು ಏನೂ ತಪ್ಪಿಲ್ಲ ಎಂಬ ಒಂದೇ ಮಾತು ಹಿಡಿದು ಬದುಕಿದವಳು ಅವಳು. ಅವಳನ್ನು ನೋಡಿ ನನಗೆ ತುಂಬ ಸಂಕಟವಾಯಿತು.

“ಅದಕ್ಕೇ ಆ ಹೆಸರು ಕೂಗಿದಾಗ ತಿರುಗಿ ನೋಡ್ತಿದ್ದೆ,” ಎಂದರು ಮುದುಕರು. “ನನ್ನದೇ ಅನ್ನಿಸ್ತಿತ್ತು.”

ಅಮ್ಮ ಮಕ್ಕಳ ಹಾಗೆ ಕೇಳಿದಳು:

“ಹಾಗಾದ್ರೆ ನಾನೀಗ ಯಾರನ್ನ ಬೈಲಿ?”

“ನನ್ನನ್ನೇ ಬೈರಿ. ನನಗೂ ರೂಢಿಯಾಗಿದೆ, ನಿಮಗೂ.”

“ಇಲ್ಲ,” ಎಂದಳು ಅಮ್ಮ. “ಆಗಲ್ಲ ಇನ್ನು.” ಈಗ ಅವಳಿಗೆ ಅಳು ಬಂತು. ಶಬ್ದವಿಲ್ಲದ ಅಳು. ಕಣ್ಣೊರೆಸಿಕೊಳ್ಳಲೂ ಅವಳು ಕೈ ಎತ್ತಲಿಲ್ಲ. ನಾನು ಭುಜ ಹಿಡಿಯಲು ಹೋದರೆ ತಳ್ಳಿದಳು. “ಮನೆಗೆ ಹೋಗ್ಬೇಕು. ಗಾಡಿ ಕರೆಸು.”

ಮಳೆ ಜೋರಾಗಿತ್ತು, ಛತ್ರಿ ಅರ್ಧ ಬಿಚ್ಚಿ ಮೇಜಿನ ಮೇಲಿತ್ತು. ನನ್ನ ಫೋನು ತೆಗೆದು ಟ್ಯಾಕ್ಸಿಯವರಿಗೆ ಮಾಡಿದೆ. “ಎಲ್ಲಿಗೆ ಬರ್ಬೇಕು?” ಎಂದು ಹುಡುಗಿಯೊಬ್ಬಳು ಕೇಳಿದಳು. ನಾನು ಬಾಯಿ ತೆರೆದೆ. ಎಲ್ಲಿಂದ ಶುರು ಮಾಡಬೇಕು ಎಂದು ತಿಳಿಯಲಿಲ್ಲ. ಮುದುಕರು ಕೈ ಚಾಚಿ ಫೋನು ತೆಗೆದುಕೊಂಡರು.

“ಹಳೇ ಸ್ಟೇಷನ್ನಿನ ಹಿಂದೆ. ಗೊತ್ತಾಗ್ಲಿಲ್ಲ ಅಂದ್ರೆ ಹುಡುಕ್ತಾ ಕೂರ್ಬೇಡಿ ಅಂತ ಹೇಳಮ್ಮ ಡ್ರೈವರಿಗೆ. ಮೂಲೇಲಿ ನಾನು ನಿಂತಿರ್ತೀನಿ.”

ಲಿದಿಯೆತ್ ತಡೆಯುವಷ್ಟರಲ್ಲಿ ರಾಶಿಯಿಂದ ಯಾರದೋ ಹೂವಿನ ಛತ್ರಿಯೊಂದನ್ನು ಎಳೆದುಕೊಂಡು, ಕಾಲೆಳೆಯುತ್ತಾ ಹೊರಟೇಬಿಟ್ಟರು. ನಾವು ಮೂವರೂ ಬಾಗಿಲಲ್ಲಿ ನಿಂತು ನೋಡಿದೆವು. ಬೀದಿ ತುಂಬ ನೀರು ಹರಿಯುತ್ತಿತ್ತು. ಫೋಟೊದಲ್ಲಿ ಮರವಿದ್ದ ಮೂಲೆ ಅದು, ಈಗ ಅಲ್ಲಿ ಬರೀ ವಿದ್ಯುತ್ ಕಂಬ. ಅದರ ಪಕ್ಕ ನಿಂತು ಅವರು ಬರುವ ಪ್ರತಿ ಗಾಡಿಗೂ ಕೈ ಬೀಸುತ್ತಿದ್ದರು. ಪ್ಯಾಂಟು ಮಂಡಿಯವರೆಗೆ ಒದ್ದೆಯಾಗಿತ್ತು.

“ಅವತ್ತು ಹೀಗೆ ಯಾರಾದ್ರೂ...” ಎಂದಳು ಅಮ್ಮ. ಲಿದಿಯೆತ್ ಅಮ್ಮನ ಕಡೆ ನೋಡಲಿಲ್ಲ, ಆದರೆ ಒಳಗೆ ಹೋಗಿ ಒಂದು ಒಣ ಟವೆಲ್ ತಂದು ಅವಳ ಕೈಗೆ ಕೊಟ್ಟಳು.

ಟ್ಯಾಕ್ಸಿ ಬಂತು. ಅವರೇ ಬಾಗಿಲು ತೆಗೆದು, ಅಮ್ಮನ ತಲೆಯ ಮೇಲೆ ಹೂವಿನ ಛತ್ರಿ ಹಿಡಿದು ಕೂರಿಸಿದರು. ನಾನು ಇನ್ನೊಂದು ಕಡೆಯಿಂದ ಹತ್ತಿದೆ. ಡ್ರೈವರು ಎಳೆಯ ಹುಡುಗ, ಈ ಊರಿನವನಲ್ಲ.

“ಎಲ್ಲಿಗಮ್ಮ?”

“ಹಳೇ ಅತ್ತಿಮರದಿಂದ...” ಎಂದಳು ಅಮ್ಮ. ಐವತ್ತು ವರ್ಷ ಹೇಳಿದ ಮಾತು, ತಾನಾಗಿ ಬಂತು, ಅಲ್ಲೇ ನಿಂತಿತು. ನಾನು ಹೇಳಬಹುದಿತ್ತು. ನನ್ನ ಬಾಯಿಗೆ ಬಂದದ್ದೂ ಅದೇ ಅತ್ತಿಮರ. ಹುಡುಗ ಕನ್ನಡಿಯಲ್ಲಿ ನಮ್ಮನ್ನು ನೋಡುತ್ತಾ ಕಾದ.

ದೋನ್ ಎಲಾದಿಯೊ ಕಿಟಕಿಗೆ ಬಾಗಿದರು. ಮಳೆನೀರು ಅವರ ಮೂಗಿನ ತುದಿಯಿಂದ ಅಮ್ಮನ ಮಡಿಲಿಗೆ ತೊಟ್ಟಿಕ್ಕುತ್ತಿತ್ತು.

“ನೇರ ಹೋಗಪ್ಪ. ಬಾರಿನ ಮೂಲೇಲಿ ಎಡಕ್ಕೆ ತಿರುಗು. ಅರ್ಧ ದಾರೀಲಿ ಒಂದು ಹೊಂಡ ಇದೆ, ನೋಡ್ಕೋ. ಅದು ದಾಟಿದ ಮೇಲೆ ಬಲಗಡೆ ಹಸಿರು ಬಾಗಿಲು, ಪಕ್ಕದಲ್ಲಿ ನಿಂಬೆ ಗಿಡ. ಆ ಮನೆ ನನಗೆ ಚೆನ್ನಾಗಿ ಗೊತ್ತು.” ಗಾಡಿಯ ಮೇಲೆ ಎರಡು ಸಲ ತಟ್ಟಿದರು. “ಹೊರಡು. ತಡ ಮಾಡ್ಬೇಡ.”